ಲೈವ್ ಬ್ಯಾಂಡ್ ಹುಡುಗಿ

ಬಾಯಿ ತಪ್ಪಿ ಅಪ್ಪನಿಗೆ ಫೋನಿನಲ್ಲಿ ಹೇಳಿಬಿಟ್ಟೆ. "ಲೈವ್ ಬ್ಯಾಂಡ್‌ನಲ್ಲಿ ಹಾಡ್ತಾ ಇದೀನಿ."

ಆ ಕಡೆಯಿಂದ ಸದ್ದಿಲ್ಲ. ಎಸ್‌ಟಿಡಿ ಬೂತಿನ ಮೀಟರ್ ಮಾತ್ರ ಕೆಂಪಗೆ ಓಡುತ್ತಿತ್ತು.

ಅದು 2005. ಆಗಿನ ಕನ್ನಡ ಪೇಪರುಗಳಲ್ಲಿ ಲೈವ್ ಬ್ಯಾಂಡ್ ಅಂದರೆ ಒಂದೇ ಅರ್ಥ. ಹುಡುಗಿಯರು ಕುಣಿಯುವ ಬಾರು, ಅದರ ಮೇಲೆ ಪೊಲೀಸ್ ದಾಳಿ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡವರ ಫೋಟೋ. ನಮ್ಮಪ್ಪ ಶಿವಮೊಗ್ಗದಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಪೇಪರನ್ನು ತುದಿಯಿಂದ ಕೊನೆಯವರೆಗೆ ಓದುವವರು. ಕಾಗುಣಿತದ ತಪ್ಪು ಕಂಡರೆ ಕೆಂಪು ಪೆನ್ನಿನಲ್ಲಿ ತಿದ್ದುವವರು. ಪೇಪರಿನವರಿಗೆ ಅದು ಗೊತ್ತೂ ಆಗುವುದಿಲ್ಲ, ಆದರೂ ತಿದ್ದುವವರು. ಅಂಥವರಿಗೆ ನನ್ನ ಮಾತು ಬೇರೆ ಹೇಗೆ ಕೇಳಿಸಬೇಕು?

"ಅಯ್ಯೋ ಅದಲ್ಲಪ್ಪಾ, ಕಾಲೇಜು ಬ್ಯಾಂಡು. ಗಿಟಾರು, ಡ್ರಮ್ಸು. ರಾಕ್ ಮ್ಯೂಸಿಕ್ಕು" ಅಂದೆ. ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ "ಊಟ ಆಯ್ತಾ?" ಅಂದಳು. ಆಮೇಲೆ ಎರಡು ವರ್ಷ ನನ್ನ ಹಾಡಿನ ಮಾತು ಬಂದಾಗೆಲ್ಲ ನಮ್ಮ ಮನೆಯಲ್ಲಿ ಊಟದ ಮಾತು ಬರುತ್ತಿತ್ತು.

ಹಾಗಂತ ನಮ್ಮದು ಹಾಡು ಬೇಡದ ಮನೆಯಲ್ಲ. ಅಮ್ಮ ಭಜನಾ ಮಂಡಳಿಯವಳು. ಜ್ವರ ಬಂದರೂ ಶನಿವಾರದ ಭಜನೆ ತಪ್ಪಿಸುತ್ತಿರಲಿಲ್ಲ. ನನಗೆ ಏಳು ವರ್ಷಕ್ಕೇ ಸಂಗೀತ ಪಾಠ ಶುರುವಾಯಿತು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ಎಲ್ಲವೂ ಮೂರು ಕಾಲದಲ್ಲಿ. ಜೂನಿಯರ್ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಸೀನಿಯರ್‌ಗೆ ಕಟ್ಟಲಿಲ್ಲ.

ಕಾರಣ ನನ್ನ ಗಂಟಲು. ಹದಿಮೂರಕ್ಕೆ ಅದು ಗಡಸಾಯಿತು. ಧ್ವನಿ ಒಡೆಯುವುದು ಹುಡುಗರಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹುಡುಗಿಯರದ್ದೂ ಎರಡು ಮೂರು ಸ್ವರ ಕೆಳಗಿಳಿಯುತ್ತದೆ, ಯಾರೂ ಗಮನಿಸುವುದಿಲ್ಲ ಅಷ್ಟೆ. ನನ್ನದು ಸ್ವಲ್ಪ ಜಾಸ್ತಿಯೇ ಇಳಿಯಿತು. ಪಾಠದ ಮನೆಯಲ್ಲಿ ಹುಡುಗಿಯರಿಗೆಲ್ಲ ಒಂದೇ ಶ್ರುತಿ, ಐದೂವರೆ ಮನೆ, ಅಂದರೆ ಎತ್ತರದ್ದು. ಆ ಶ್ರುತಿಯಲ್ಲಿ ಮೇಲಿನ ಷಡ್ಜ ಹತ್ತಿರ ಬಂದರೆ ನನ್ನ ಗಂಟಲಿನಿಂದ ಬರುತ್ತಿದ್ದುದು ಹಾಡಲ್ಲ, ಕೂಗು. "ಕಿರುಚಬೇಡ ಮರಿ, ಮೆತ್ತಗೆ" ಅನ್ನುತ್ತಿದ್ದರು ಟೀಚರು. ಮೆತ್ತಗೆ ಹಾಡಲು ಹೋದರೆ ಬರೀ ಗಾಳಿ ಬರುತ್ತಿತ್ತು.

ಆಗ ನನಗೆ ಸಮಾಧಾನ ಅಂತ ಇದ್ದಿದ್ದು ಭದ್ರಾವತಿ ಆಕಾಶವಾಣಿ. ಭಾವಗೀತೆಯ ಹೊತ್ತಿನಲ್ಲಿ ಸಿ. ಅಶ್ವಥ್ ಬರುತ್ತಿದ್ದರು. ಶರೀಫರ ಪದಗಳನ್ನು ಆ ಮನುಷ್ಯ ಮೆತ್ತಗೆ ಹಾಡಿದ್ದೇ ಇಲ್ಲ. ಎದೆ ಬಿಚ್ಚಿ ಹಾಡುತ್ತಿದ್ದರು. ಒಂದೊಂದು ಸಲ ಧ್ವನಿ ಇನ್ನೇನು ಹರಿದೇ ಹೋಯಿತು ಅನ್ನಿಸುತ್ತಿತ್ತು, ಹರಿಯುತ್ತಿರಲಿಲ್ಲ. ನಮ್ಮೂರಿನ ಹೆಸರನ್ನೇ ಇಟ್ಟುಕೊಂಡ ಶಿವಮೊಗ್ಗ ಸುಬ್ಬಣ್ಣ ಇದ್ದರು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದವರು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ. ಅವರ ಕಂಠವೂ ಅಂಥದ್ದೇ, ತುಂಗೆಯ ಆ ದಡಕ್ಕೂ ಕೇಳಿಸುವಂಥದ್ದು. ಇವರಿಗೆ ಯಾರೂ ಕಿರುಚಬೇಡಿ ಅನ್ನಲಿಲ್ಲವಲ್ಲ ಅಂತ ನನಗೆ ಹೊಟ್ಟೆಕಿಚ್ಚು. ಗಂಡಸರು ನೋಡಿ.

ರಾಕ್ ಬಂದಿದ್ದು ರಜೆಗೆ. ಬೆಂಗಳೂರಿನಿಂದ ಬಂದ ಚಿಕ್ಕಪ್ಪನ ಮಗ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ ಬಿಟ್ಟುಹೋದ. ಒಂದು ಕಡೆ ಐರ್ಲೆಂಡಿನ ಕ್ರ್ಯಾನ್‌ಬೆರೀಸ್, ಇನ್ನೊಂದು ಕಡೆ ಡೀಪ್ ಪರ್ಪಲ್, ಜಾನಿಸ್ ಜೋಪ್ಲಿನ್, ಕೊನೆಯಲ್ಲಿ ಅರ್ಧಕ್ಕೇ ನಿಂತುಹೋದ ಏನೋ ಒಂದು. ಹಾಡುಗಳ ಇಂಗ್ಲಿಷ್ ನನಗೆ ಕಾಲು ಭಾಗ ಅರ್ಥವಾಗಿದ್ದರೆ ಹೆಚ್ಚು. ಆದರೆ ಕ್ರ್ಯಾನ್‌ಬೆರೀಸ್‌ನ ಡೊಲೋರೆಸ್ ಓ ರಿಯಾರ್ಡನ್ ಹಾಡುತ್ತಾ ಹಾಡುತ್ತಾ ಒಂದು ಕಡೆ ಧ್ವನಿಯನ್ನು ಬೇಕಂತಲೇ ಮುರಿಯುತ್ತಿದ್ದಳು. ದಪ್ಪ ಧ್ವನಿಯಿಂದ ಟಕ್ಕಂತ ತೆಳುವಿಗೆ. ನನ್ನ ಗಂಟಲು ಕೈಕೊಡುವ ಜಾಗವೇ ಅದು! ನಾನು ಮುಚ್ಚಿಡುತ್ತಿದ್ದುದನ್ನು ಅವಳು ಎತ್ತಿ ತೋರಿಸುತ್ತಿದ್ದಳು. ಜಾನಿಸ್ ಅಂತೂ ಟೆಕ್ಸಾಸ್‌ನ ತೈಲ ಶುದ್ಧೀಕರಣ ಕಾರ್ಖಾನೆಗಳ ಊರಿನ ಹುಡುಗಿ. ಇಪ್ಪತ್ತೇಳಕ್ಕೇ ಸತ್ತಳು. ಅವಳ ಧ್ವನಿಯಲ್ಲಿ ಮೆತ್ತಗೆ ಅನ್ನುವುದೇ ಇರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು ನಾನೂ ಹಾಗೆ ಹಾಡಿ ನೋಡಿದೆ. ಪಕ್ಕದ ಮನೆಯವರು ಬಂದು "ಹುಡುಗಿಗೆ ಚೇಳು ಕಚ್ಚಿತಾ?" ಅಂತ ಕೇಳಿದರು.

2003ರಲ್ಲಿ ಸಿಇಟಿ ಸೀಟು ಸಿಕ್ಕಿ ಬೆಂಗಳೂರಿಗೆ ಬಂದೆ. ನಾನು ಬರುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನದಲ್ಲಿ ಮಳೆಯಲ್ಲಿ ಹಾಡಿ ಹೋಗಿದ್ದರು. ಸೀನಿಯರುಗಳು ವರ್ಷವಿಡೀ ಅದನ್ನೇ ಹೇಳಿ ಹೇಳಿ ನಮ್ಮ ಹೊಟ್ಟೆ ಉರಿಸಿದರು.

ಎರಡನೇ ವರ್ಷದಲ್ಲಿ ನೋಟಿಸ್ ಬೋರ್ಡಿನ ಮೇಲೆ ಒಂದು ಚೀಟಿ. ಬ್ಯಾಂಡಿಗೆ ಹಾಡುವವರು ಬೇಕು. ನಾಲ್ಕು ಹುಡುಗರು. ಇಬ್ಬರ ಹತ್ತಿರ ಗಿಟಾರು, ಒಂದು ಕೋಲ್ಕತ್ತದ ಗಿವ್ಸನ್, ಇನ್ನೊಂದು ಎಲ್ಲಿಂದಲೋ ಸಾಲ ತಂದಿದ್ದು. ಒಬ್ಬನ ಹತ್ತಿರ ಬೇಸ್. ಡ್ರಮ್ಮರ್ ಹತ್ತಿರ ಎರಡು ಕೋಲು ಮಾತ್ರ. ಡ್ರಮ್ಸ್ ಬಾಡಿಗೆಯ ಕೋಣೆಯಲ್ಲಿರುತ್ತಿತ್ತು. ಅವರು ಹುಡುಗನನ್ನು ಹುಡುಕುತ್ತಿದ್ದರು, ಬಂದವಳು ನಾನೊಬ್ಬಳೇ. ಡೀಪ್ ಪರ್ಪಲ್ ಹಾಡೊಂದನ್ನು ಹಾಡಿಸಿದರು. ಕೊನೆಯ ಏರು ಸ್ವರಕ್ಕೆ ನಾನು ಬಚ್ಚಲು ಮನೆಯ ಧ್ವನಿ ತೆಗೆದೆ. ಬೇಸ್ ಹುಡುಗ "ಮಗಾ!" ಅಂದ. ಅಷ್ಟೇ ಆಡಿಶನ್ನು.

ಶುರುವಿನಲ್ಲೇ ಒಂದು ತಪ್ಪು ಮಾಡಿದೆವು. ನಾವು ಹಾಡುತ್ತಿದ್ದ ಹಾಡುಗಳೆಲ್ಲ ಗಂಡಸರು ಹಾಡಿದ್ದು. ಶ್ರುತಿ ಬದಲಾಯಿಸೋಣ ಅಂದೆ. ಗಿಟಾರಿನವನು ಒಪ್ಪಲಿಲ್ಲ. ಅವನ ಮಾತಲ್ಲೂ ನ್ಯಾಯ ಇತ್ತು ಅನ್ನಿ. ಗಿಟಾರಿನ ಅತಿ ದಪ್ಪ ತಂತಿಯನ್ನು ಬೆರಳಿಡದೆ ಬಿಟ್ಟು ಬಾರಿಸಿದರೆ ಬರುವ ಆ ಗುಡುಗು ಇದೆಯಲ್ಲ, ಅರ್ಧ ರಾಕ್ ಅದರ ಮೇಲೇ ನಿಂತಿದೆ. ಶ್ರುತಿ ಏರಿಸಿದರೆ ಗುಡುಗು ಹೋಗುತ್ತದೆ. ಹಾಗಾಗಿ ಹಾಡು ಇದ್ದಲ್ಲೇ ಇತ್ತು, ನಾನೇ ಅದಕ್ಕೆ ಹೊಂದಿಕೊಂಡೆ. ಚರಣಗಳು ನನ್ನ ಧ್ವನಿಯ ತಳ ಸವರುತ್ತಿದ್ದವು. ಪಲ್ಲವಿ ಬಂದಾಗ ಸರಿಯಾಗಿ ಧ್ವನಿ ಒಡೆಯುವ ಜಾಗಕ್ಕೇ ಏರುತ್ತಿತ್ತು. ಅಲ್ಲಿ ನಾನು ಎದೆಯ ಧ್ವನಿಯನ್ನೇ ದಬ್ಬಿ ದಬ್ಬಿ ಮೇಲಕ್ಕೆ ಕಳಿಸುತ್ತಿದ್ದೆ. ಕೇಳುವವರಿಗೆ ಅದೇ ಇಷ್ಟವಾಯಿತು.

ನಾವು ಪ್ರಾಕ್ಟೀಸ್ ಮಾಡುತ್ತಿದ್ದ ಜ್ಯಾಮ್ ರೂಮು ಒಂದು ಮನೆಯ ನೆಲಮಾಳಿಗೆ. ಗಂಟೆಗೆ ನೂರೈವತ್ತು ರೂಪಾಯಿ, ಐದು ಜನ ಹಂಚಿಕೊಳ್ಳುವುದು. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ಮೊಟ್ಟೆ ಟ್ರೇ ಸದ್ದು ತಡೆಯುವುದಿಲ್ಲ ಅಂತ ಮೇಲಿನ ಮನೆಯ ಅಜ್ಜಿಯನ್ನು ಕೇಳಿದರೆ ಗೊತ್ತಾಗುತ್ತಿತ್ತು. ಒಳಗೆ ಡ್ರಮ್ಸ್, ಎರಡು ಸ್ಟ್ರೇಂಜರ್ ಆಂಪ್ಲಿಫೈಯರ್, ನನಗೊಂದು ಸಣ್ಣ ಸ್ಪೀಕರ್. ನನ್ನ ಧ್ವನಿ ನನಗೇ ಕೇಳುತ್ತಿರಲಿಲ್ಲ. ಕೇಳದಿದ್ದರೆ ಮನುಷ್ಯ ಏನು ಮಾಡುತ್ತಾನೆ? ಇನ್ನೂ ಜೋರಾಗಿ ಕೂಗುತ್ತಾನೆ. ಸಂತೆಯಲ್ಲಿ ನಿಂತು ಫೋನ್ ಮಾಡುವವರನ್ನು ನೋಡಿ.

ಮೈಕ್ ಹಿಡಿಯುವುದೂ ಗೊತ್ತಿರಲಿಲ್ಲ. ಟಿವಿಯಲ್ಲಿ ಕಂಡ ಹಾಗೆ ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಿದ್ದೆ. ಸ್ಪೀಕರ್ ಕುಯ್ಯ್ ಅಂತ ಕೂಗುತ್ತಿತ್ತು, ನಾನು ಸೌಂಡಿನವನಿಗೆ ಬೈಯುತ್ತಿದ್ದೆ. ಒಂದು ದಿನ ಸೌಂಡ್ ಅಣ್ಣ ಒಬ್ಬರು ಮೈಕನ್ನು ಕೈಯಿಂದ ಕಿತ್ತುಕೊಂಡು ತೋರಿಸಿದರು. ಹಾಡುವವರ ಮೈಕಿಗೆ ಮುಂದಿನ ಸದ್ದು ಮಾತ್ರ ಬೇಕು. ಹಿಂದಿನದನ್ನು ಅಳಿಸಿಹಾಕಲು ಜಾಲರಿಯ ಕೆಳಗೆ ಸಣ್ಣ ಕಿಂಡಿಗಳಿರುತ್ತವೆ. ಅವನ್ನು ಮುಷ್ಟಿಯಲ್ಲಿ ಮುಚ್ಚಿದರೆ ಅದಕ್ಕೆ ಹಿಂದು ಮುಂದು ತಿಳಿಯುವುದಿಲ್ಲ. ಸ್ಪೀಕರಿನದ್ದನ್ನೇ ಮತ್ತೆ ಕೇಳಿಸಿಕೊಂಡು ಕೂಗುತ್ತದೆ. "ಮೈಕಿಗೂ ಉಸಿರಾಡೋಕೆ ಬಿಡಮ್ಮ" ಅಂದರು. ಆ ಕಾಲದಲ್ಲಿ ನನಗೆ ಸಿಕ್ಕ ಒಂದೇ ಒಂದು ನೆಟ್ಟಗಿನ ಪಾಠ ಅದು.

ಕಾಲೇಜು ಫೆಸ್ಟುಗಳ ಸ್ಪರ್ಧೆಗೆ ಹೋದೆವು. ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್, ಐಐಎಂನ ಉನ್ಮಾದ್. ಆಗ ಬೆಂಗಳೂರಿನ ಪ್ರತಿ ಬ್ಯಾಂಡಿಗೂ ಇವು ಜಾತ್ರೆ ಇದ್ದ ಹಾಗೆ. ಹೆಚ್ಚಿನ ಕಡೆ ಮೊದಲ ಸುತ್ತಿಗೇ ಮನೆ. ಎಲ್ಲೋ ಒಂದು ಕಡೆ ತೀರ್ಪುಗಾರರೊಬ್ಬರು "ಧ್ವನಿ ಚೆನ್ನಾಗಿದೆ, ಆದರೆ ಅಮೆರಿಕದವಳ ಹಾಗೆ ಯಾಕೆ ಉಚ್ಚಾರ ಮಾಡ್ತೀಯಾ?" ಅಂದರು. ಬೇರೆ ಹೇಗೆ ಮಾಡಬೇಕು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಸ್ಟೆಲ್ ಗೇಟು ಎಂಟೂವರೆಗೆ ಹಾಕುತ್ತಿದ್ದರು. ಫೈನಲ್‌ಗೆ ಬಂದಿದ್ದರೂ ನನಗೆ ಹಾಡಲು ಆಗುತ್ತಿರಲಿಲ್ಲ, ಅದು ಬೇರೆ ಮಾತು.

2007ರ ಮಾರ್ಚ್ 17. ಇಂಗ್ಲೆಂಡಿನ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿಗೆ ಬಂದರು, ಅರಮನೆ ಮೈದಾನಕ್ಕೆ. ಎಲ್ಲೆಲ್ಲಿಂದಲೋ ಬಂದ ಹುಡುಗರು ರೈಲ್ವೆ ಸ್ಟೇಷನ್ನಿನಲ್ಲೇ ಮಲಗಿ ಬೆಳಗು ಮಾಡಿದ್ದರು. ಮೈದಾನದ ತುಂಬಾ ಕಪ್ಪು ಟೀ ಶರ್ಟು, ಧೂಳು. ನಾನು ಬೇಲಿಗೆ ಒತ್ತಿಕೊಂಡು ನಿಂತಿದ್ದೆ. ಅವರ ಹಾಡುಗಾರ ಬ್ರೂಸ್ ಡಿಕಿನ್ಸನ್‌ಗೆ ಆಗ 48 ವರ್ಷ. ಆ ವಯಸ್ಸಿನಲ್ಲಿ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಾ, ಜಿಗಿಯುತ್ತಾ, ಮೇಲಿನ ಸ್ವರಗಳನ್ನು ಗಂಟೆ ಬಾರಿಸಿದ ಹಾಗೆ ಬಾರಿಸುತ್ತಿದ್ದ. ಪ್ರತಿ ಹಾಡಿಗೂ ನಾನು ಅವನ ಜೊತೆಗೇ ಕೂಗಿದೆ. ಕಾರ್ಯಕ್ರಮ ಮುಗಿದಾಗ ಅವನ ಧ್ವನಿ ಹಾಗೇ ಇತ್ತು. ನನ್ನದು ಇರಲಿಲ್ಲ.

ಮರುದಿನ ಬೆಳಿಗ್ಗೆ "ಅಮ್ಮಾ" ಅಂದರೆ ಬರೀ "ಹ್ಹಾ" ಬಂತು. ನಗು ಬಂತು ನನಗೆ. ಮೂರನೇ ದಿನಕ್ಕೆ ಕಾಲೇಜಿನಲ್ಲಿ ಶೋ ಇತ್ತು, ಹಾಡಿಬಿಟ್ಟೆ. ಜೇಷ್ಠಮಧು ಜಗಿದೆ, ಮೆಣಸಿನ ಕಷಾಯ ಕುಡಿದೆ. ಒಂದು ಕ್ಲಿನಿಕ್ಕಿನಲ್ಲಿ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ ಐದು ದಿನದ ಮಾತ್ರೆ ಕೊಟ್ಟರು. ವಾರಗಳು ಕಳೆದವು. ಬೆಳಿಗ್ಗೆ ಸ್ವಲ್ಪ ಧ್ವನಿ ಇರುತ್ತಿತ್ತು, ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಮೇಲಿನ ಸ್ವರಗಳು ಅಳಿಸಿಯೇ ಹೋಗಿದ್ದವು. ಮಾತಾಡಿದರೆ ಬೀಡಿ ಸೇದುವ ಮುದುಕನ ಧ್ವನಿ.

ಪರೀಕ್ಷೆ ಮುಗಿಸಿ ಜೂನ್‌ನಲ್ಲಿ ಊರಿಗೆ ಹೋದೆ. ಕೆಲಸ ಸಿಕ್ಕಿತ್ತು, ಸೇರುವ ದಿನ ಇನ್ನೂ ದೂರವಿತ್ತು. ಬಾಗಿಲು ತೆಗೆದ ಅಪ್ಪ ನನ್ನ ಮೊದಲ ಮಾತು ಕೇಳಿಯೇ ನಿಂತುಬಿಟ್ಟರು. ಆ ವರ್ಷವೇ ರಿಟೈರ್ ಆಗಿದ್ದರು. ಮೂವತ್ತು ವರ್ಷ ಅರವತ್ತು ಹುಡುಗರ ಕ್ಲಾಸಿಗೆ ಪಾಠ ಮಾಡಿದವರಿಗೆ ಹೋದ ಗಂಟಲಿನ ಗುರುತು ಇರುತ್ತದೆ. ಯಾರನ್ನೂ ಏನೂ ಕೇಳಲಿಲ್ಲ. ಮರುದಿನ ರಾತ್ರಿಯ ಬಸ್ಸಿಗೆ ಎರಡು ಟಿಕೆಟ್ ತಂದರು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನವರು ಸುಮ್ನೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುತ್ತಾರೆ. ಕಿವಿ ಕೇಳದ ಮಕ್ಕಳು, ತೊದಲುವವರು, ಪಾರ್ಶ್ವವಾಯು ಹೊಡೆದು ಮಾತು ಹೋದವರು, ದೂರದೂರದಿಂದ ಬರುತ್ತಾರೆ. ಧ್ವನಿಯ ತೊಂದರೆಯವರ ಸಾಲಿನಲ್ಲಿ ನನ್ನ ಪಕ್ಕ ಒಬ್ಬರು ಪ್ರೈಮರಿ ಟೀಚರು, ಆಚೆಗೆ ಬಸ್ ಕಂಡಕ್ಟರು, ಅವರಾಚೆ ತರಕಾರಿ ಮಾರುವ ಹೆಂಗಸು. ಆಕೆ ಕೈಸನ್ನೆಯಲ್ಲೇ ನನಗೇನಾಯಿತು ಅಂತ ಕೇಳಿದಳು. ನಾನು ಗಿಟಾರ್ ಬಾರಿಸುವ ಹಾಗೆ ಸನ್ನೆ ಮಾಡಿದೆ. ಆಕೆಗೆ ತುರಿಕೆ ಅಂತ ಅರ್ಥವಾಯಿತು.

ಮೂಗಿನಿಂದಲೋ ಬಾಯಿಂದಲೋ ಸಣ್ಣ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ನನಗೆ ಬಾಯಿಂದ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು "ಈ ಅನ್ನಿ" ಅಂದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು, ಧ್ವನಿತಂತುಗಳು. ಉದ್ದ ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಮಾತಾಡುವಾಗ ಹೆಂಗಸರದ್ದು ಸೆಕೆಂಡಿಗೆ ಇನ್ನೂರು ಸಲದ ಆಸುಪಾಸು ಬಡಿದುಕೊಳ್ಳುತ್ತದಂತೆ. ನಾನು ಪಲ್ಲವಿಯಲ್ಲಿ ಎಳೆಯುತ್ತಿದ್ದ ಸ್ವರಕ್ಕೆ ನಾನೂರ ನಲವತ್ತು. ಅಷ್ಟು ವೇಗ ಕಣ್ಣಿಗೆ ಕಾಣುವುದಿಲ್ಲ ಅಂತ ಬೆಳಕನ್ನು ಮಿಣಕ್ ಮಿಣಕ್ ಅನ್ನಿಸಿ ನಿಧಾನವಾಗಿ ಕಾಣುವ ಹಾಗೆ ಮಾಡುತ್ತಾರೆ. ಪಟ್ಟಿಗಳ ಅಂಚಿನಲ್ಲಿ, ಎದುರುಬದುರಾಗಿ, ಎರಡು ಸಣ್ಣ ಗಂಟು. ರಾಗಿ ಕಾಳಿನಷ್ಟೂ ಇಲ್ಲ. ಗುದ್ದಲಿ ಹಿಡಿದ ಕೈಯಲ್ಲಿ ಜಡ್ಡು ಕಟ್ಟುವ ಹಾಗೆ ಗಂಟಲಿನಲ್ಲಿ ಜಡ್ಡು ಕಟ್ಟಿತ್ತು. ಅದರಿಂದಾಗಿ ಪಟ್ಟಿಗಳು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಆ ಸಂದಿಯಲ್ಲಿ ನುಗ್ಗುತ್ತಿದ್ದ ಗಾಳಿಯೇ ನನ್ನ ಬೀಡಿ ಧ್ವನಿ.

ಅಪ್ಪ ಪರದೆಯನ್ನು ತುಂಬಾ ಹೊತ್ತು ನೋಡಿದರು. "ಆಪರೇಷನ್ನಾ?" ಅಂದರು. ಬೇಡ, ಮೊದಲು ಥೆರಪಿ, ಹೆಚ್ಚಿನವರಿಗೆ ಅಷ್ಟರಲ್ಲೇ ಕರಗುತ್ತದೆ ಅಂದರು ಡಾಕ್ಟರು. ಶುರುವಿಗೆ ಏಳು ದಿನ ಮೌನ. ಪಿಸುಮಾತೂ ಕೂಡದು. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಅಂತ ನಾನು ಅಂದುಕೊಂಡಿದ್ದೆ. ಅದು ಉಲ್ಟಾ, ಗಂಟಲನ್ನು ಇನ್ನೂ ಬಿಗಿ ಮಾಡುತ್ತದೆ.

ಶಿವಮೊಗ್ಗದ ಮನೆಯಲ್ಲಿ ಆ ಏಳು ದಿನ ನಾನು ನೋಟ್‌ಬುಕ್ಕಿನಲ್ಲಿ ಮಾತಾಡಿದೆ. ‘ಕಾಪಿ ಬೇಕು’ ಅಂತ ಬರೆದೆ. ಅಪ್ಪ ಕೆಂಪು ಪೆನ್ನು ತೆಗೆದು ‘ಫಿ’ ಅಂತ ತಿದ್ದಿ, ಆಮೇಲೆ ಕಾಫಿ ತಂದರು. ಎರಡು ವರ್ಷ ಆಡದ ಮಾತೆಲ್ಲ ಆ ಪುಸ್ತಕದಲ್ಲಿ ಆಯಿತು. ಹಾಡುವುದೆಲ್ಲಿ, ಜೊತೆಗಾರರು ಯಾರು, ರಾತ್ರಿ ಹೇಗೆ ವಾಪಸ್ ಬರುತ್ತೇನೆ, ಎಲ್ಲ ಕೇಳಿದರು. ನಾನು ಎದುರು ಮಾತಾಡುವ ಹಾಗಿರಲಿಲ್ಲ ನೋಡಿ, ಬರೆಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ‘ಯಾಕೆ ಕನ್ನಡದಲ್ಲಿ ಹಾಡಲ್ಲ?’ ಅಂತ ಅಪ್ಪ ಕೇಳಿದ್ದಕ್ಕೆ ‘ರಾಕ್‌ಗೆ ಕನ್ನಡ ಕೂರಲ್ಲ’ ಅಂತ ಬರೆದೆ. ಅಪ್ಪ ಅದಕ್ಕೆ ಕೆಂಪು ಗೀಟು ಹಾಕಿದರು. ಕಾಗುಣಿತ ಸರಿ ಇತ್ತು, ಆದರೂ ಹಾಕಿದರು.

ನಾವು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಇಂಗ್ಲಿಷಿನಲ್ಲಿ ಬರೆದ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹಾಡಿದ್ದೆವು, ಕೇಳಲಾಗದಷ್ಟು ಕೆಟ್ಟದಾಗಿತ್ತು. ಇಂಗ್ಲಿಷ್ ಪದ ಟಪ್ ಅಂತ ವ್ಯಂಜನಕ್ಕೆ ನಿಲ್ಲುತ್ತದೆ. ಕನ್ನಡದ್ದು ಉಕಾರಕ್ಕೋ ಇಕಾರಕ್ಕೋ ಹೋಗಿ ತೂಗಾಡುತ್ತದೆ. ಡ್ರಮ್ಮಿನ ಏಟು ಮುಗಿದ ಮೇಲೂ ಪದ ಮುಗಿದಿರುವುದಿಲ್ಲ.

ಮೌನದ ಐದನೇ ದಿನ ಅಪ್ಪ ಹೊಸಹಳ್ಳಿಗೆ ಕರೆದುಕೊಂಡು ಹೋದರು. ಶಿವಮೊಗ್ಗದ ಹತ್ತಿರ ತುಂಗೆಯ ಈ ಕಡೆ ಮತ್ತೂರು, ಆ ಕಡೆ ಹೊಸಹಳ್ಳಿ. ಮತ್ತೂರಿನ ಹೆಸರು ಸಂಸ್ಕೃತಕ್ಕೆ, ಹೊಸಹಳ್ಳಿಯದ್ದು ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಹಾಡಿ ಓದುವ ಕಲೆಗೆ. ಗಮಕಿ ಎಚ್.ಆರ್. ಕೇಶವಮೂರ್ತಿಗಳ ಊರು ಅದು. ಮುಂದೆ 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆವತ್ತು ಒಂದು ಮನೆಯ ಜಗುಲಿಯಲ್ಲಿ ಕುಮಾರವ್ಯಾಸನ ವಾಚನ ನಡೆಯುತ್ತಿತ್ತು. ಹಾಡುತ್ತಿದ್ದವರಿಗೆ ಎಪ್ಪತ್ತು ದಾಟಿರಬೇಕು. ಮೈಕಿಲ್ಲ. ಒಂದು ಪದ್ಯ, ಅದಕ್ಕೆ ಪಕ್ಕದವರ ವ್ಯಾಖ್ಯಾನ, ಮತ್ತೆ ಇನ್ನೊಂದು ಪದ್ಯ. ಯುದ್ಧದ ಜಾಗ ಬಂದಾಗ ಮುದುಕರು ಧ್ವನಿಯನ್ನು ಎತ್ತಿದ್ದು ನೋಡಿ ನನ್ನ ಕೈಕಾಲು ಜುಮ್ಮೆಂದಿತು. ಗದೆ ಎತ್ತಿದ ಹಾಗಿತ್ತು. ಆದರೆ ಕುತ್ತಿಗೆಯಲ್ಲಿ ಒಂದು ನರವೂ ಉಬ್ಬಿರಲಿಲ್ಲ. ಹೊಟ್ಟೆ ಮಾತ್ರ ತಿದಿಯ ಹಾಗೆ ಹೋಗಿ ಬರುತ್ತಿತ್ತು.

ಗಮಕದಲ್ಲಿ ತಾಳ ಹಾಕುವುದಿಲ್ಲ. ಆದರೂ ಪದ್ಯದ ಒಳಗೆ ನಡಿಗೆ ಇದ್ದೇ ಇರುತ್ತದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಲ್ಲಿ ಬಡಿದು ತೋರಿಸಿದರು. ಭಾಮಿನಿ ಷಟ್ಪದಿ. ಮೂರು ಮಾತ್ರೆ, ನಾಲ್ಕು ಮಾತ್ರೆ. ಮೂರು, ನಾಲ್ಕು. ತಕಿಟ ತಕದಿಮಿ. ನನಗೆ ತಲೆಯಲ್ಲಿ ಏನೋ ಟಕ್ ಅಂತು. ಏಳು! ನಮ್ಮ ಡ್ರಮ್ಮರ್ ಏಳರ ಲಯದ ಇಂಗ್ಲಿಷ್ ಹಾಡುಗಳನ್ನು ಕೇಳಿ ಕೇಳಿ, ಬೆರಳು ಮಡಚಿ ಎಣಿಸಿ, ಪ್ರತಿ ಸಲ ತಪ್ಪುತ್ತಿದ್ದ. ನಾನು ಏಳು ವರ್ಷದವಳಿದ್ದಾಗಲೇ ತ್ರಿಪುಟ ತಾಳದಲ್ಲಿ ಅಲಂಕಾರ ಹಾಡಿದವಳು. ಒಂದು ದಿನವೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಕಿರುಚಬೇಕು ಅನ್ನಿಸಿತು, ಕಿರುಚುವ ಹಾಗಿರಲಿಲ್ಲ. ನೋಟ್‌ಬುಕ್ ತೆಗೆದು ಏಳು ಅಂತ ದೊಡ್ಡದಾಗಿ ಬರೆದೆ. ಏಳಬೇಕಾ ಅಂತ ಕೇಳಿದರು ಅಪ್ಪ, ಸ್ಟಾಪ್ ಇನ್ನೂ ದೂರ ಇತ್ತು.

ಥೆರಪಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೋಡುವವರಿಗೆ ಅದು ಹುಚ್ಚಾಟ. ಮಕ್ಕಳು ಬಸ್ ಓಡಿಸುವ ಹಾಗೆ ತುಟಿಯನ್ನು ಬುರ್ರ್ ಅನ್ನಿಸುತ್ತ ಸ್ವರ ಏರಿಸುವುದು. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಅನ್ನಿಸುತ್ತ ಹಾಡುವುದು. ಹಾಗೆ ಮಾಡಿದಾಗ ಗಾಳಿ ಸ್ವಲ್ಪ ಹಿಂದಕ್ಕೆ ಒತ್ತಿ ಪಟ್ಟಿಗಳು ಒಂದಕ್ಕೊಂದು ಗುದ್ದದೆ ಮೆಲ್ಲಗೆ ಮುಟ್ಟುತ್ತವೆ. ದಿನಕ್ಕೆ ಅಷ್ಟೊಂದು ನೀರು, ಎರಡು ಹೊತ್ತು ಹಬೆ, ಮಲಗುವ ಮೂರು ಗಂಟೆ ಮೊದಲೇ ಊಟ. ಹುಳಿತೇಗು ಕೂಡ ಗಂಟಲು ಸುಡುತ್ತದೆ ಅಂತ ಅಲ್ಲೇ ಗೊತ್ತಾಗಿದ್ದು. ಅಮ್ಮನ ‘ಊಟ ಆಯ್ತಾ’ಗೆ ಕೊನೆಗೂ ವೈದ್ಯಕೀಯ ಬೆಂಬಲ ಸಿಕ್ಕಿತು. ಗರಗರ ಅನ್ನುವ ರಾಕ್ ಧ್ವನಿ ಬೇಕೇ ಬೇಕು ಅಂದರೆ ಅದನ್ನು ಪಟ್ಟಿಗಳ ಮೇಲ್ಭಾಗದಿಂದ ತೆಗೆಯಬಹುದು, ಕೆಳಗೆ ಪಟ್ಟಿಗಳು ಆರಾಮಾಗಿಯೇ ಇರಬೇಕು. ಅದನ್ನು ಕಲಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಮೂರನೇ ತಿಂಗಳ ತಪಾಸಣೆಯಲ್ಲಿ ಗಂಟುಗಳು ಹತ್ತಿರಹತ್ತಿರ ಕರಗಿದ್ದವು.

ಬೆಂಗಳೂರಿಗೆ ವಾಪಸ್ ಬಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದೆ. ಬ್ಯಾಂಡಿನಲ್ಲಿ ಬೇಸ್ ಹುಡುಗ, ಡ್ರಮ್ಮರ್, ಒಬ್ಬ ಗಿಟಾರಿನವನು ಉಳಿದಿದ್ದರು. ಶ್ರುತಿ ಬದಲಾಯಿಸಲು ಒಪ್ಪದವನು ಅಮೆರಿಕಕ್ಕೆ ಹೋಗಿದ್ದ. ದೇವರು ದೊಡ್ಡವನು.

ನಾನು ಬರೆದ ಮೊದಲ ಸಾಲು ‘ಮಳೆಯು ನಿಂತರು ಮರದ ಹನಿಯಿದೆ’. ಗಾದೆಯನ್ನೇ ಸ್ವಲ್ಪ ತಿರುಚಿದ್ದು. ಮೂರು, ನಾಲ್ಕು, ಮೂರು, ನಾಲ್ಕು. ಹಾಡುವಾಗ ಇನ್ನೊಂದು ಗುಟ್ಟು ಸಿಕ್ಕಿತು. ‘ನಿಂತರು’ವಿನ ‘ನಿಂತ್’ ಇದೆಯಲ್ಲ, ಅದು ಸರಿಯಾಗಿ ಸ್ನೇರ್ ಡ್ರಮ್ಮಿನ ಏಟಿನ ಮೇಲೆ ಬಂದು ಕೂತಿತು. ನಾವು ಪದದ ಕೊನೆಯಲ್ಲಿ ಹುಡುಕುತ್ತಿದ್ದ ಪೆಟ್ಟು ಕನ್ನಡದಲ್ಲಿ ಪದದ ಹೊಟ್ಟೆಯಲ್ಲಿದೆ. ಕಲ್ಲು, ಮಣ್ಣು, ಹಳ್ಳ, ಕತ್ತಿ, ಒತ್ತಕ್ಷರಗಳೆಲ್ಲ ಡ್ರಮ್ಮೇ. ಕೊನೆಯ ಸ್ವರ ತೂಗಾಡಿದರೆ ತೂಗಾಡಲಿ, ಅದನ್ನು ಗಿಟಾರಿಗೆ ಬಿಟ್ಟರಾಯಿತು. ಏರು ಸ್ವರ ಬರುವಲ್ಲಿ ಮಾತ್ರ ಆಕಾರವೋ ಓಕಾರವೋ ಇರುವ ಪದವನ್ನೇ ಹುಡುಕಿ ಇಟ್ಟೆ. ಇಕಾರದಲ್ಲಿ ಗಂಟಲು ಬಾಗಿಲು ಹಾಕಿಕೊಳ್ಳುತ್ತದೆ. ಸಾಲುಗಳನ್ನು ಅಪ್ಪನಿಗೆ ಫೋನಿನಲ್ಲಿ ಓದುತ್ತಿದ್ದೆ. "ಎರಡನೇದರಲ್ಲಿ ಒಂದು ಮಾತ್ರೆ ಜಾಸ್ತಿ ಆಯ್ತು" ಅನ್ನುತ್ತಿದ್ದರು. ಅರ್ಥದ ಬಗ್ಗೆ ಒಂದು ಮಾತೂ ಇಲ್ಲ.

ಹಾಡು ಬಂತು, ಹಾಡುವ ಜಾಗ ಇರಲಿಲ್ಲ. 2008ರ ಹೊತ್ತಿಗೆ ಬೆಂಗಳೂರಿನಲ್ಲಿ ಪೊಲೀಸರು ಪಬ್ಬುಗಳ ಮೇಲೆ ಬಿಗಿ ಮಾಡಿದರು. ಕುಣಿತದ ಲೈಸೆನ್ಸು, ಲೈವ್ ಬ್ಯಾಂಡ್ ಲೈಸೆನ್ಸು. ಮತ್ತೆ ಅದೇ ಪದ! ಕುಣಿಯುವ ಬಾರಿಗೂ ನಮ್ಮಂಥವರ ಗಿಟಾರಿಗೂ ಒಂದೇ ಹೆಸರಾದ್ದರಿಂದ ಎಷ್ಟೋ ಪಬ್ಬಿನವರು ತಂಟೆಯೇ ಬೇಡ ಅಂತ ಬ್ಯಾಂಡುಗಳನ್ನು ನಿಲ್ಲಿಸಿದರು. ಅದೇ ವರ್ಷ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು, ಶರೀಫರ ಪದ ಗಿಟಾರಿನ ಜೊತೆ ಊರೆಲ್ಲ ಕೇಳಿಸಿತು. ಸ್ವರಾತ್ಮ ತಂಡದವರೂ ಕನ್ನಡದಲ್ಲಿ ಹಾಡುತ್ತಿದ್ದರು. ನಾವೇ ಮೊದಲು ಅನ್ನುವ ಜಂಬ ನನಗಿತ್ತು, ಅದು ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. "ಕನ್ನಡದಲ್ಲಿ ರಾಕಾ?" ಅಂತ ಯಾರೂ ನಗಲಿಲ್ಲ.

2009ರ ಆಗಸ್ಟ್‌ನಲ್ಲಿ ಫ್ರೀಡಂ ಜ್ಯಾಮ್‌ನಲ್ಲಿ ಹಾಡಿದೆವು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುತ್ತಿದ್ದ ಬಯಲು ಕಾರ್ಯಕ್ರಮ, ಟಿಕೆಟ್ ಇರಲಿಲ್ಲ, ಹೊಸಬರಿಗೂ ಜಾಗ ಕೊಡುತ್ತಿದ್ದರು. ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ನಾಲ್ಕು ಹಾಡು, ಎಲ್ಲ ನಮ್ಮವೇ. ಎದುರಿಗೆ ಐವತ್ತು ಜನ ಇದ್ದಿರಬಹುದು, ಅದರಲ್ಲಿ ಹತ್ತು ಜನ ಮುಂದಿನ ಬ್ಯಾಂಡಿನವರು. ಏಳರ ಹಾಡಿಗೆ ಹುಡುಗರು ತಲೆ ಆಡಿಸಲು ಹೋಗಿ ಎಡವಿದರು, ಆಮೇಲೆ ಹಿಡಿದುಕೊಂಡರು. ಇಳಿದು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, "ಅಮ್ಮಾ" ಅಂತ ಜೋರಾಗಿ ಅಂದು ನೋಡಿದ್ದು. ಧ್ವನಿ ಇತ್ತು.

ಆ ಡಿಸೆಂಬರ್ 29ಕ್ಕೆ ಅಶ್ವಥ್ ತೀರಿಕೊಂಡರು. ಅವರು ಹುಟ್ಟಿದ ದಿನವೂ ಅದೇ. ಆಫೀಸಿನಲ್ಲಿ ಸುದ್ದಿ ನೋಡಿ ಮೆಟ್ಟಿಲ ಹತ್ತಿರ ಹೋಗಿ ಕೂತೆ.

ಮರುವರ್ಷ ಗಣಪತಿ ಹಬ್ಬಕ್ಕೆ ನಮ್ಮ ಬೀದಿಯ ಪೆಂಡಾಲಿನಲ್ಲಿ ಹಾಡಲು ಕರೆ ಬಂತು. ಕರೆಸಿದ್ದು ಯಾರು ಅಂತ ಅಪ್ಪನೂ ಹೇಳಲಿಲ್ಲ, ಸಮಿತಿಯವರೂ ಹೇಳಲಿಲ್ಲ. ಭಜನೆ ಮತ್ತು ಆರ್ಕೆಸ್ಟ್ರಾ ನಡುವೆ ನಲವತ್ತೈದು ನಿಮಿಷ. ಮೈಕ್ ಅಹೂಜಾ, ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಜನರೇಟರ್ ಸದ್ದು ನಮ್ಮ ಬೇಸಿಗಿಂತ ಜೋರಿತ್ತು. ಒಬ್ಬರು ಅಶ್ವಥ್ ಹಾಡು ಹೇಳಿ ಅಂದರು, ಶರೀಫರ ಪದ ಒಂದನ್ನು ಹಾಡಿದೆ. ಆಮೇಲೆ ನಮ್ಮದು. ಮಕ್ಕಳು ಕುಣಿದರು, ಮುದುಕರು ಕಿವಿ ಮುಚ್ಚಿಕೊಂಡರು, ಆದರೆ ಎದ್ದು ಹೋಗಲಿಲ್ಲ. ಪ್ರಸಾದ ಇನ್ನೂ ಕೊಟ್ಟಿರಲಿಲ್ಲ ಅನ್ನುವುದೂ ಒಂದು ಕಾರಣ ಇರಬಹುದು. ಏಳರ ಹಾಡು ಬಂದಾಗ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದ ಅಪ್ಪ ಬೆರಳಲ್ಲಿ ಬಡಿಯುತ್ತಿದ್ದುದು ಕಾಣಿಸಿತು. ಕೊನೆಗೆ ಹಾರ, ಹಣ್ಣು, ತೆಂಗಿನಕಾಯಿ, ಕವರಿನಲ್ಲಿ ಸಾವಿರದ ಒಂದು ರೂಪಾಯಿ. ನಾಲ್ಕು ಜನ ಹಂಚಿಕೊಂಡು, ಉಳಿದ ಒಂದು ರೂಪಾಯಿಯನ್ನು ಗಣಪತಿ ಹುಂಡಿಗೆ ಹಾಕಿದೆವು.

ಮನೆಗೆ ಬಂದ ಮೇಲೆ ಹಬ್ಬದ ಕರಪತ್ರ ಕಣ್ಣಿಗೆ ಬಿತ್ತು. ‘ಸಂಜೆ 7ಕ್ಕೆ: ಬೆಂಗಳೂರಿನ ತಂಡದಿಂದ ರಾಗ ಸಂಗೀತ’.

"ನೋಡಪ್ಪಾ ಪ್ರೆಸ್ಸಿನವರು ಏನು ಮಾಡಿದಾರೆ! ರಾಕ್ ಹೋಗಿ ರಾಗ ಆಗಿದೆ."

ಅಪ್ಪ ಕನ್ನಡಕ ಹಾಕಿಕೊಂಡು ನೋಡುವ ಹಾಗೆ ಮಾಡಿದರು. "ಅವರು ಹೊಡೆದಿದ್ದು ಸರಿಯಾಗೇ ಇತ್ತು" ಅಂದರು. "ಪ್ರೂಫ್ ನೋಡಿದ್ದು ನಾನು."